ನಲವತ್ತು ಜೋಡಿ ರಬ್ಬರ್ ರೋಲ್

ಮೂರನೇ ಕಪಾಟು ಬರಿದಾಗಿತ್ತು.

ಶುಕ್ರವಾರ ಸಂಜೆ ಆಫೀಸಿನಲ್ಲಿ ಆರ್ಡರ್ ಬರೆಯುವ ಪ್ರಮಿಳಾ ತಾನೇ ಎಣಿಸಿ ಹೋಗಿದ್ದಳು. ನಲವತ್ತು ಪೆಟ್ಟಿಗೆ, ಪೆಟ್ಟಿಗೆಗೊಂದು ಜೋಡಿ ರಬ್ಬರ್ ರೋಲ್. ಭತ್ತದ ಸಿಪ್ಪೆ ಸುಲಿಯುವ ರೋಲ್ ಅದು. ಸವೆದರೆ ಅಕ್ಕಿ ಗಿರಣಿ ನಿಂತ ಹಾಗೆಯೇ. ಈಗ ಸೋಮವಾರ ಬೆಳಿಗ್ಗೆ ಅಲ್ಲಿ ಉಳಿದದ್ದು ಪೆಟ್ಟಿಗೆಗಳ ಅಡಿಯ ಧೂಳಿನ ಚೌಕಗಳು ಮಾತ್ರ.

"ಸಿದರಾಯ ಕಾಕಾ, ರೋಲ್ ಎಲ್ಲಿ?"

ಗೋದಾಮಿನ ಸಿದರಾಯ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಶನಿವಾರ ಹ್ವಾದುವಲ್ರಿ ಬಾಯಾರ. ಲೋಂಡಾಕ್ಕ."

"ಲೋಂಡಾಕ್ಕ? ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ನಿಮ್ಮ ಮಷೀನ ಹೇಳ್ತು. ಎರಡರ ಸುಮಾರ ಪ್ರಿಂಟರಿನ್ಯಾಗ ಚೀಟಿ ಬಂತು, ಟೆಂಪೋ ತುಂಬಿ ಕಳಿಸಿದೆ." ಅವನು ಚೀಟಿಯ ನಕಲು ತೆಗೆದು ಕೊಟ್ಟ. "ನೋಡ್ರಿ, ಬರದವರು ಅಂದಲ್ಲಿ ನಿಮ್ಮ ಹೆಸರ ಐತಿ."

ಇತ್ತು. ಅಚ್ಚುಕಟ್ಟಾಗಿ ಇತ್ತು.

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪು, ಗಿರಣಿ ತಯಾರಿಸುವ 'ವಜ್ರದೇಹಿ ಇಂಜಿನಿಯರಿಂಗ್' ತನ್ನ ಮಾರಾಟವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ ಎಂಟು ತಿಂಗಳಾಗಿತ್ತು. ಪುಣೆಯಿಂದ ಬಂದವರು ಮೂರು ವಾರ ಕುಳಿತು, ಪ್ರಮಿಳಾ ಮಾಡಿಕೊಟ್ಟ ಪಟ್ಟಿಯಂತೆ ಸರಕನ್ನೆಲ್ಲ ವಿಭಾಗ ಮಾಡಿ ಹೋಗಿದ್ದರು. ಆಫೀಸಿನವರ ಬಾಯಲ್ಲಿ ಅದು 'ಡಿವಿಜನ್'. ಹತ್ತು ಅಂದರೆ ಪಂಪು. ಇಪ್ಪತ್ತು ಗಿರಣಿ. ಮೂವತ್ತು ಬಿಡಿಭಾಗ. ಒಂದು ಮಾಲಿಗೆ ಒಂದೇ ವಿಭಾಗ. ಅಂಗಡಿಗಳ ಖಾತೆ ತೆರೆಯುವುದೂ ವಿಭಾಗ ನೋಡಿಯೇ. ಹತ್ತಕ್ಕೆ ಮಾತ್ರ ತೆರೆದ ಅಂಗಡಿಗೆ ಇಪ್ಪತ್ತರ ಒಂದು ಮೊಳೆಯನ್ನೂ ಯಂತ್ರ ಬಿಡುತ್ತಿರಲಿಲ್ಲ.

ಲೋಂಡಾದ ಅಂಗಡಿ ಹತ್ತಕ್ಕೆ ಮಾತ್ರ ತೆರೆದದ್ದು. ಪಂಪು ಮಾರುವ ಅಂಗಡಿ. ರಬ್ಬರ್ ರೋಲ್ ಇಪ್ಪತ್ತರ ಮಾಲು. ಖಾನಾಪುರ ತಾಲ್ಲೂಕಿಗೆಲ್ಲ ಇಪ್ಪತ್ತರ ಏಜೆನ್ಸಿ ಇದ್ದದ್ದು ಒಬ್ಬರದೇ, ಖಾನಾಪುರ ಪೇಟೆಯ ಕೃಷ್ಣಾಬಾಯಿಯದು. ಆಕೆಯ ಖಾತೆ ತೆರೆದದ್ದೂ ಇಪ್ಪತ್ತಕ್ಕೆ ಮಾತ್ರ. ಆ ನಲವತ್ತು ಜೋಡಿ ಆಕೆಗೆಂದೇ ಕಾದಿಟ್ಟದ್ದು. ನವೆಂಬರಿನ ಸುಗ್ಗಿಯ ರಾಶಿ ಮುಗಿಯುವ ತನಕ ಬೇರೆ ಮಾಲು ಬರುವಂತಿರಲಿಲ್ಲ.

ಹಾಗಾದರೆ ಹೋದದ್ದು ಹೇಗೆ? ಯಂತ್ರ ಹಾಕಿದ ಬೀಗ ಹಾಕಿದ ಹಾಗೇ ಇದೆ. ಒಳಗಿನ ವಸ್ತು ಇಲ್ಲ!

ಇನ್ನೊಂದು ವಿಚಿತ್ರವೂ ಇತ್ತು. ಪ್ರಮಿಳಾ ಗೋದಾಮಿಗೆ ಬಂದದ್ದೇ ಅದಕ್ಕಾಗಿ. ಬೆಳಿಗ್ಗೆ ಅವಳು ಕೃಷ್ಣಾಬಾಯಿಯ ಆರ್ಡರ್ ಬರೆಯಲು ಕುಳಿತಾಗ ಯಂತ್ರ ಅದನ್ನು ತಿರುಗಿಸಿ ಕಳಿಸಿತ್ತು. 'ಈ ಗಿರಾಕಿಗೆ ಈ ಮಾಲಿನ ವಿಭಾಗ ತೆರೆದಿಲ್ಲ.' ಕೃಷ್ಣಾಬಾಯಿಗೆ? ರೋಲಿಗೆ? ಅವಳು ಮಾಲಿನ ಪುಟ ತೆರೆದು ನೋಡಿದಳು. ವಿಭಾಗದ ಮನೆಯಲ್ಲಿ ಮೂವತ್ತು ಎಂದಿತ್ತು. ಬೇರೆ ದಿನವಾಗಿದ್ದರೆ ಕೂಡಲೇ ಇಪ್ಪತ್ತು ಮಾಡಿಬಿಡುತ್ತಿದ್ದಳು. ಇವತ್ತು ಯಾಕೋ ಕೈ ಬರಲಿಲ್ಲ. ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, ಮುಟ್ಟದೆ ಎದ್ದಿದ್ದಳು.

ಹತ್ತು ಗಂಟೆಗೆ ಸೇಲ್ಸ್ ಮ್ಯಾನೇಜರ್ ಅವಧೂತ ಅವಳನ್ನು ಕರೆಸಿದರು.

ಇಪ್ಪತ್ತೆರಡು ವರ್ಷದ ನೌಕರಿ ಅವರದು. ಕಂಪ್ಯೂಟರನ್ನು ಕಂಡರೆ ಅವರಿಗೆ ಬೀಗರ ಮನೆಯ ಅಡಿಗೆ ಕಂಡಂತೆ, ಹೊಗಳಲೇಬೇಕು, ಇಷ್ಟವಿಲ್ಲ. "ಆರ್‌ನೂರು ಮಾಲಿನ ಪಟ್ಟಿ ನನ್ನ ತಲ್ಯಾಗ ಐತಿ," ಎಂದು ದಿನಕ್ಕೊಮ್ಮೆಯಾದರೂ ಹಣೆ ಮುಟ್ಟಿ ತೋರಿಸುವರು. ಬಾಜೂ ಕುರ್ಚಿಯಲ್ಲಿ ವಿನೀತ ಕೂತಿದ್ದ. ಖಾನಾಪುರ, ಲೋಂಡಾ ಕಡೆ ಆರ್ಡರಿಗೆ ತಿರುಗುವ ಹುಡುಗ. ಕಂಪ್ಯೂಟರಿನ ಜೊತೆಗೇ ಕೆಲಸಕ್ಕೆ ಸೇರಿದವನು.

ಅವಧೂತ ಒಂದು ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. ಯಂತ್ರದ ದಿನಚರಿ: ಯಾವ ಮಾಲಿನ ಪುಟವನ್ನು ಯಾರು, ಯಾವಾಗ ತಿದ್ದಿದರೆಂಬ ದಾಖಲೆ. ಶನಿವಾರ ಎರಡು ಸಾಲು. ಒಂದೂ ಇಪ್ಪತ್ತೆರಡಕ್ಕೆ ಒಂದು, ಒಂದೂ ಐವತ್ತಕ್ಕೆ ಇನ್ನೊಂದು. ಎರಡರ ಕೊನೆಗೂ ಪ್ರಮಿಳಾಳ ಹೆಸರು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಹೊಡೆದದ್ದು.

"ಏನಿದು?"

"ನಾ ಮಾಡಿಲ್ಲ ಸರ. ಶನಿವಾರ ಒಂದಕ್ಕ ಆಫೀಸ್ ಬಿಟ್ಟೀನಿ. ಒಂದೂ ಕಾಲಿನ ಬಸ್ಸಿಗೆ ಊರಿಗೆ ಹೋದೆ."

"ಬಸ್ಸಿನ ಟಿಕೀಟಿನ ಮ್ಯಾಲ ಹೆಸರು ಇರತೈತೇನು?"

ಇರುವುದಿಲ್ಲ.

"ನಿಂದು ಊರು ಯಾವ್ದು? ಖಾನಾಪುರ ಬಾಜು. ಲೋಂಡಾ ಎಷ್ಟ ದೂರ ಅಲ್ಲಿಂದ? ಪಾಸ್‌ವರ್ಡ್ ಯಾರಿಗೆ ಗೊತ್ತು? ನಿನಗೊಬ್ಬಾಕಿಗೆ!"

"ನಿಮ್ಮ ಕಪಾಟಿನ ಕವರಿನ್ಯಾಗೂ ಐತ್ರಿ."

ಅದೊಂದು ಕಟ್ಟಳೆ. ಯಾರಾದರೂ ರಜೆ ಹೋದರೆ ಕೆಲಸ ನಿಲ್ಲಬಾರದೆಂದು, ಎಲ್ಲರ ಪಾಸ್‌ವರ್ಡೂ ಅಂಟಿಸಿದ ಲಕೋಟೆಗಳಲ್ಲಿ ಮ್ಯಾನೇಜರರ ಕಪಾಟಿನಲ್ಲಿರುತ್ತಿತ್ತು. ಅವಧೂತ ನಕ್ಕರು. ಎದ್ದು ಕಪಾಟು ತೆರೆದು, ಅವಳ ಲಕೋಟೆಯನ್ನು ಎತ್ತಿ ಹಿಡಿದರು.

"ಅಂಟು ಬಿಟ್ಟೈತೇನು? ನೋಡ್ಕೋ!"

ಅವಳು ಕೈ ಚಾಚಿದಳು. ಅವರು ಕೊಡಲಿಲ್ಲ. ಲಕೋಟೆ ಕಪಾಟಿಗೆ ಹೋಯಿತು. ಅದರ ಬದಲು ಟೈಪು ಮಾಡಿದ ಕಾಗದವೊಂದು ಎದುರಿಗೆ ಬಂತು. 'ನನ್ನ ಅಚಾತುರ್ಯದಿಂದ ಮಾಲು ಬೇರೆಡೆಗೆ ಹೋಗಿದ್ದು, ಇದಕ್ಕೆ ನಾನೇ ಹೊಣೆಯಾಗಿದ್ದು, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ...'

"ಸಹಿ ಮಾಡು. ಮಾತು ಇಲ್ಲಿಗೇ ಮುಗೀತದ."

ಪ್ರಮಿಳಾ ಎರಡು ಸಲ ಓದಿದಳು. ಮನೆತನದಲ್ಲಿ ಕುರಿ ಬಿಟ್ಟು ಕುರ್ಚಿಗೆ ಬಂದವಳು ಅವಳೊಬ್ಬಳೇ. ಈ ಕಾಗದ ಕಡತಕ್ಕೆ ಹೋದರೆ ಬೆಳಗಾವಿಯ ಯಾವ ಆಫೀಸಿನಲ್ಲೂ ಅವಳಿಗೆ ಕುರ್ಚಿ ಸಿಗುವುದಿಲ್ಲ. ಕಾಗದವನ್ನು ಮೇಜಿನ ಆ ಕಡೆಗೆ ತಳ್ಳಿದಳು.

"ಮಾಡೂದಿಲ್ರಿ."

"ಏನಂದಿ?"

"ಸಹಿ ಮಾಡೂದಿಲ್ಲ. ಇದು ನನ್ನ ತಪ್ಪಲ್ಲ, ಈ ಮಾತೂ ನನ್ನವಲ್ಲ."

"ನಾಳೆ ಐದರ ತನಕ ಟೈಮ್. ಆಮ್ಯಾಲ ಪೊಲೀಸ್. ಹಿಂಡಲಗಾ ಜೈಲು ದೂರ ಇಲ್ಲ, ಗೊತ್ತೈತಿಲ್ಲ?"

"ಗೊತ್ತೈತ್ರಿ. ಸಿಟಿ ಬಸ್ ಹೋಗತೈತಿ," ಎಂದಳು ಪ್ರಮಿಳಾ. ದಿನಚರಿಯ ಹಾಳೆಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು ಹೊರಬಿದ್ದಳು. ಯಾರೂ ತಡೆಯುವ ಮೊದಲೇ.

ವಿನೀತ ಮೆಟ್ಟಿಲಲ್ಲಿ ಸಿಕ್ಕ. ಅವಳೇ ಅಡ್ಡ ನಿಂತಳು.

"ಲೋಂಡಾ ಆರ್ಡರ್ ನೀವ್ ತಂದಿದ್ರೇನು?"

"ಇಲ್ಲ ಪ್ರಮಿಳಾ. ನನ್ನಾಣಿ. ಶನಿವಾರ ನಾ ಕಿತ್ತೂರಿನ್ಯಾಗ ಇದ್ದೆ."

"ಯಾರರ ನೋಡ್ಯಾರ?"

ವಿನೀತ ತಲೆ ಕೆರೆದುಕೊಂಡ. "ನಿನ್ನ ಬಸ್ಸಿನ್ಯಾಗ ನಿನ್ನ ಯಾರು ನೋಡ್ಯಾರ? ನನ್ನ ಗಾಡಿ ಮ್ಯಾಲ ನನ್ನೂ ಅವರ ನೋಡ್ಯಾರ."

ಉತ್ತರ ಜಾಣತನದ್ದು. ಆದರೆ ಉತ್ತರವಲ್ಲ. ಪ್ರಮಿಳಾ ಅವನ ಮುಖವನ್ನೇ ನೋಡಿದಳು. ಅವನು ಬೇರೆಡೆ ನೋಡಿದ.

ಮಂಗಳವಾರ ರಜೆ ಹಾಕಿ ಬೆಳಗಿನ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋದಳು. ಬಸ್‌ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ಕೃಷ್ಣಾಬಾಯಿಯ ಅಂಗಡಿ. ಅರವತ್ತು ದಾಟಿದ ಹೆಂಗಸು, ಕಚ್ಚೆ ಸೀರೆ, ಕಿವಿಯ ಹಿಂದೆ ಪೆನ್ಸಿಲ್. ಅಂಗಡಿಯ ಮೆಟ್ಟಿಲ ಮೇಲೆ ಮೂವರು ಗಿರಣಿಯವರು ಸವೆದ ರೋಲುಗಳನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಅಗ ಬಾಯಿ, ಬಂದಿ ಏನು! ಮಾಲು ತಂದಿ?"

"ಇಲ್ರಿ ಬಾಯಾರ. ನನ್ನ ಮ್ಯಾಲ ಕಳ್ಳತನ ಹೊರಿಸ್ಯಾರ."

"ಕುಂದರು," ಎಂದಳು ಕೃಷ್ಣಾಬಾಯಿ. ಗಿರಣಿಯವರನ್ನು ಚಹಾಕ್ಕೆ ಓಡಿಸಿದಳು. "ಮೊದಲಿಂದ ಹೇಳು."

ಹೇಳಿದಳು. ಕೃಷ್ಣಾಬಾಯಿ ಕೇಳಿ ಪೆನ್ಸಿಲ್ಲಿನಿಂದ ತಲೆ ತುರಿಸಿದಳು.

"ರಾಶಿ ದಿನದಾಗ ಮಾಲು ಕೊಡದಿದ್ರ ನನ್ನ ಏಜೆನ್ಸಿ ಹೋಗತದ. ಕಾಗದದಾಗ ಹಂಗ ಬರದದ. ದಸರಾಕ್ಕ ನಿಮ್ಮ ಸಾಹೇಬ, ಆ ವಿನೀತ, ಇಬ್ರೂ ಬಂದಿದ್ರು. 'ವಯಸ್ಸಾತು, ಲೋಂಡಾದವರಿಗೆ ಬಿಟ್ಟಕೊಡ್ರಿ' ಅಂದ್ರು. ನಾನು ಅಂದೆ, ನನ್ನ ವಯಸ್ಸು ನಾನು ನೋಡ್ಕೋತೀನಿ, ನೀವು ನಿಮ್ಮ ಪಂಪ್ ನೋಡ್ಕೋರಿ."

"ಇಬ್ರೊಳಗ ಯಾರ ಜೋರು ಮಾಡಿದ್ರು?"

"ಒಬ್ಬ ಮಾತಾಡಿದ, ಒಬ್ಬ ತಲಿ ಆಡಿಸಿದ. ಯಾರ ತಲಿಯೊಳಗಿಂದ ಮಾತು ಹುಟ್ಟಿತೋ, ನನಗೇನ ಗೊತ್ತು?"

ಮಾತಾಡುತ್ತಲೇ ಕೃಷ್ಣಾಬಾಯಿ ಹಿಂದಿನ ಕಪಾಟಿನಿಂದ ಹಳೆಯ ಆರ್ಡರ್ ಬುಕ್ಕುಗಳನ್ನು ಇಳಿಸತೊಡಗಿದಳು. ತನಗೆ ರೋಲ್ ಯಾವ ವರ್ಷವೂ ತಪ್ಪಿಲ್ಲವೆಂದು ತೋರಿಸುವ ಹಟ. ಮೂರು ಬಣ್ಣದ ಬುಕ್ಕು. ಹಸಿರು ಪಂಪಿನದು, ಕೆಂಪು ಗಿರಣಿಯದು, ಬಿಳಿ ಬಿಡಿಭಾಗದ್ದು. ಕಂಪ್ಯೂಟರ್ ಬರುವ ಮೊದಲು ಇವೇ ವಿಭಾಗಗಳು.

ಪ್ರಮಿಳಾ ಕೆಂಪು ಬುಕ್ಕು ತೆರೆದಳು. ಹಾಳೆ ಮೇಲೆ ಹಾಳೆ ತಿರುವಿದಳು. ಗಿರಣಿ ಇತ್ತು, ಜರಡಿ ಇತ್ತು, ಬೆಲ್ಟ್ ಇತ್ತು. ರೋಲ್ ಇರಲಿಲ್ಲ.

"ಬಾಯಾರ, ರೋಲ್ ಎಲ್ಲಿ?"

"ಅದರಾಗ ಎಲ್ಲಿರತದ ಹುಚ್ಚಿ? ರೋಲ್ ಯಾವಾಗ್ಲೂ ಬಿಳೇ ಬುಕ್ಕಿನ್ಯಾಗ. ಬಿಡಿಭಾಗ!"

"ಯಾವಾಗ್ಲೂ?"

"ನಿಮ್ಮ ಮಷೀನ ಬರೂ ತನಕ. ಹದಿನೇಳು ವರ್ಷ."

ಪ್ರಮಿಳಾ ಬಿಳಿ ಬುಕ್ಕು ತೆರೆದಳು. ಇತ್ತು. ಪ್ರತಿ ನವೆಂಬರಿನಲ್ಲೂ, ಉದ್ದನೆಯ ಬಾಲದ ಅಕ್ಷರದಲ್ಲಿ. ಆ ಅಕ್ಷರವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಪರ್ಸಿನಿಂದ ದಿನಚರಿಯ ಹಾಳೆ ತೆಗೆದಳು. ಈ ಸಲ ಕೆಂಪು ಅಡಿಗೆರೆಯನ್ನು ಓದಲಿಲ್ಲ. ಅದರ ಬಾಜೂ ಇದ್ದ ಅಂಕಿಗಳನ್ನು ಓದಿದಳು.

"ಬಾಯಾರ, ಈ ಬುಕ್ಕು ನನಗ ಬೇಕು."

"ಒಯ್ಯಿ. ನಾ ಟೆಂಪೋ ಮಾಡ್ಕೊಂಡು ಲೋಂಡಾಕ್ಕ ಹೋಗತೀನಿ. ನನ್ನ ಪೆಟಿಗಿ ಅಲ್ಲಿದ್ರ ಅದರ ಮ್ಯಾಲೇ ಕುಂದರತೀನಿ. ಯಾರ ಎಬಸತಾರ ನೋಡೂಣು!"

ನಾಲ್ಕೂವರೆಗೆ ಪ್ರಮಿಳಾ ಕಾರ್ಖಾನೆಯ ಮೇಲಿನ ಮಹಡಿಗೆ ಹೋದಳು. ಮಾಲಕರ ಕೋಣೆಗೆ ಅಲ್ಲಿಯವರೆಗೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಗುರುಪುತ್ರಪ್ಪ ಫೌಂಡ್ರಿಯ ಕೆಲಸಗಾರನಾಗಿ ಆರಂಭಿಸಿ ಕಾರ್ಖಾನೆ ಕಟ್ಟಿದವರು, ಮಾತು ಕಡಿಮೆ.

"ಐದಕ್ಕ ಪೊಲೀಸರನ್ನ ಕರಸತಾರಂತ, ಮಾಲಕರ. ಅದರ ಮೊದಲ ಹದಿನೈದು ಮಿನಿಟ್ ನನಗ ಕೊಡ್ರಿ. ಅವಧೂತ ಸರ್, ವಿನೀತ, ಸಿದರಾಯ ಕಾಕಾ, ಮೂವರನ್ನೂ ಕರಸ್ರಿ."

ಗುರುಪುತ್ರಪ್ಪ ಅವಳನ್ನೊಮ್ಮೆ ನೋಡಿ ಗಂಟೆ ಒತ್ತಿದರು.

ಮೂವರೂ ಬಂದರು. ಪ್ರಮಿಳಾ ಮೂವರ ಕೈಗೂ ಒಂದೊಂದು ಚೀಟಿ ಕೊಟ್ಟಳು. ಆರು ಮಾಲಿನ ಹೆಸರು: ಪಂಪು, ಫುಟ್‌ವಾಲ್ವ್, ಹಿಟ್ಟಿನ ಗಿರಣಿ, ಬೇರಿಂಗ್, ರಬ್ಬರ್ ರೋಲ್, ಜರಡಿ.

"ಯಾವ್ದು ಯಾವ ಡಿವಿಜನ್, ಬಾಜೂಕ ಅಂಕಿ ಹಾಕ್ರಿ. ಒಬ್ಬರದು ಒಬ್ಬರು ನೋಡಬ್ಯಾಡ್ರಿ."

"ಏನಿದು, ಸಾಲಿ ಪರೀಕ್ಷಾ?" ಅವಧೂತ ಸಿಡುಕಿದರು. "ಮಾಲಕರ, ಈಕಿ—"

"ಬರೀರಿ," ಎಂದರು ಗುರುಪುತ್ರಪ್ಪ.

ಮೊದಲು ಬರೆದು ಮುಗಿಸಿದವರು ಅವಧೂತ. ಯೋಚಿಸಲೂ ಇಲ್ಲ, ಪಟ್ಟಿ ತಲೆಯಲ್ಲಿತ್ತಲ್ಲ. ಸಿದರಾಯ ಪ್ರತಿ ಅಂಕಿಗೂ ಕಣ್ಣು ಮುಚ್ಚಿ, ಗೋದಾಮಿನ ಕಪಾಟು ನೆನೆದು ಬರೆದ. ಮೂರು ಚೀಟಿಗಳೂ ಮಾಲಕರ ಮೇಜಿಗೆ ಹೋದವು.

"ರೋಲಿನ ಮುಂದ ಏನ ಬರದಾರ ಓದ್ರಿ ಮಾಲಕರ."

"ವಿನೀತ, ಇಪ್ಪತ್ತು. ಸಿದರಾಯ, ಇಪ್ಪತ್ತು." ಗುರುಪುತ್ರಪ್ಪ ಕನ್ನಡಕ ಸರಿಮಾಡಿಕೊಂಡರು. "ಅವಧೂತ, ಮೂವತ್ತು."

"ರೋಲ್ ಅಂದ್ರ ಬಿಡಿಭಾಗ ಅಲ್ಲೇನ್ರಿ?" ಎಂದರು ಅವಧೂತ. "ಇಷ್ಟಕ್ಕ ಇಷ್ಟ ನಾಟಕ?"

"ಬಿಡಿಭಾಗ ಆಗಿತ್ರಿ, ಬಿಳೇ ಬುಕ್ಕಿನ ಕಾಲದಾಗ," ಎಂದಳು ಪ್ರಮಿಳಾ. "ಕಂಪ್ಯೂಟರ್ ಬಂದಾಗ ಪಟ್ಟಿ ನಾ ಮಾಡಿದೆ. ರೋಲ್ ಗಿರಣಿ ಬಿಟ್ಟು ಬ್ಯಾರೆಲ್ಲೂ ಓಡೂದಿಲ್ಲ, ಅದಕ್ಕ ಇಪ್ಪತ್ತಕ್ಕ ಹಾಕಿದೆ. ನೀವು ಓದದ ಸಹಿ ಮಾಡಿದ್ರಿ. ಪಟ್ಟಿ ನಿಮ್ಮ ತಲ್ಯಾಗ ಐತಲ್ರಿ, ಹಾಳಿ ಯಾಕ ಓದಬೇಕು?"

ವಿನೀತ ಕೆಮ್ಮಿದ. ನಗು ನುಂಗಿದ ಕೆಮ್ಮು.

ಪ್ರಮಿಳಾ ಮಾಲಕರ ಕಡೆ ತಿರುಗಿದಳು. "ನಮ್ಮ ಮನ್ಯಾಗ ಕುರಿಗೆ ಬಣ್ಣದ ಗುರ್ತು ಹಾಕತಾರ್ರಿ. ಒಂದು ಕುರಿಗೆ ಒಂದ ಬಣ್ಣ. ಮಾಲಿಗೆ ಡಿವಿಜನ್ ಹಂಗ. ಲೋಂಡಾದವರಿಗೆ ಪಂಪಿನ ಗುರ್ತಿನ ಮಾಲು ಅಷ್ಟ ಹೋಗಬೇಕು. ರೋಲಿನ ಗುರ್ತು ಗಿರಣಿ. ಹಂಗಿದ್ರ ಹೆಂಗ ಹೋತು? ಶನಿವಾರ ಒಂದೂ ಇಪ್ಪತ್ತೆರಡಕ್ಕ ಯಾರೋ ರೋಲಿನ ಗುರ್ತು ಅಳಿಸಿ ಪಂಪಿನ ಗುರ್ತು ಹಾಕಿದ್ರು. ಆರ್ಡರ್ ಬರದ್ರು. ಒಂದೂ ಐವತ್ತಕ್ಕ ಹಳೇ ಗುರ್ತು ವಾಪಸ್ ಹಾಕಿದ್ರು. ಯಾರಿಗೂ ಗೊತ್ತಾಗಬಾರದಂತ."

"ಗೊತ್ತಾತು ಹೆಂಗ?"

"ಮಾಲಿನ ಗುರ್ತು ಬದಲಿ ಮಾಡಬಹುದು, ಬರದ ಆರ್ಡರ್ ಬದಲಿ ಆಗೂದಿಲ್ರಿ. ಕುರಿ ಮಾರಿದ ದಿನ ಯಾವ ಬಣ್ಣ ಇತ್ತೋ, ಚೀಟಿಯೊಳಗ ಅದ ಉಳೀತೈತಿ. ಲೋಂಡಾ ಆರ್ಡರ್ ತೆಗದು ನೋಡ್ರಿ, ರೋಲಿನ ಬಾಜೂಕ ಇವತ್ತಿಗೂ ಹತ್ತು ಐತಿ." ದಿನಚರಿಯ ಹಾಳೆಯನ್ನು ಅವಳು ಬಿಡಿಸಿಟ್ಟಳು. "ಈ ಹಾಳ್ಯಾಗ ಎಲ್ಲಾರೂ ನನ್ನ ಹೆಸರು ನೋಡಿದ್ರು. ನಾನೂ ಅಂಜಿ ಹೆಸರ ನೋಡಿದೆ. ಅಂಕಿ ಯಾರೂ ನೋಡ್ಲಿಲ್ಲ. ಮೊದಲ ಸಾಲು, ಇಪ್ಪತ್ತರಿಂದ ಹತ್ತಕ್ಕ. ಎರಡನೇ ಸಾಲು?"

ಗುರುಪುತ್ರಪ್ಪ ಬೆರಳಿಟ್ಟು ಓದಿದರು. "ಹತ್ತರಿಂದ... ಮೂವತ್ತಕ್ಕ."

ಪ್ರಮಿಳಾ ಅವಧೂತರ ಚೀಟಿಯನ್ನು ಆ ಸಾಲಿನ ಪಕ್ಕಕ್ಕೆ ಸರಿಸಿದಳು.

"ಕದ್ದವರು ವಾಪಸ್ ಇಡುವಾಗ ತಪ್ಪ ಕಪಾಟಿನ್ಯಾಗ ಇಟ್ರು. ಬರಿಯೂ ಅವಸರದಾಗ ಅಳಿಸಿದ್ದನ್ನ ಓದ್ಲಿಲ್ಲ. ತಮ್ಮ ನೆನಪನ್ನ ನಂಬಿದ್ರು. ಅದಕ್ಕ ಸೋಮವಾರ ಬಾಯಾರ ಆರ್ಡರ್ ತಿರುಗಿ ಬಂತು. ನಾ ಮಾಡಿದ್ರ ಇಪ್ಪತ್ತು ಹಾಕತಿದ್ದೆ, ಪಟ್ಟಿ ನಂದು. ವಿನೀತಗ ಬಿಳೇ ಬುಕ್ಕು ಗೊತ್ತಿಲ್ಲ. ಕಾಕಾಗ ಕಪಾಟು ಅಷ್ಟ ಗೊತ್ತು, ಅಲ್ಲಿ ರೋಲ್ ಯಾವಾಗ್ಲೂ ಗಿರಣಿ ಸಾಲಿನ್ಯಾಗ. ರೋಲ್ ಅಂದ್ರ ಬಿಡಿಭಾಗ ಅನ್ನೂ ತಲಿ ಈ ಕೋಣ್ಯಾಗ ಒಂದ ಐತ್ರಿ." ಅವಳು ಬಿಳಿ ಬುಕ್ಕನ್ನು ಮೇಜಿನ ಮೇಲೆ ತೆರೆದಳು. "ಈ ಅಕ್ಷರ ಯಾರದು?"

ಉದ್ದ ಬಾಲದ ಆ ಅಕ್ಷರವನ್ನು ಗುರುಪುತ್ರಪ್ಪ ಇಪ್ಪತ್ತೆರಡು ವರ್ಷದಿಂದ ಬಲ್ಲರು. ಬುಕ್ಕಿನ ಕಾಲದಲ್ಲಿ ಅಂಗಡಿಗಳ ಆರ್ಡರ್ ಬರೆಯುತ್ತಿದ್ದವರು ಅವಧೂತರೇ. ಚೀಟಿಯ ಮೇಲಿನ 'ಮೂವತ್ತು' ಕೂಡ ಅದೇ ಬಾಲದ್ದು.

"ಒಂದು ಅಂಕಿ ಮ್ಯಾಲ ನನ್ನ ಹೆಸರು ಹಾಳು ಮಾಡತೀರೇನು?" ಅವಧೂತರ ದನಿ ಏರಿತು. "ಈಕಿ ಪಾಸ್‌ವರ್ಡ್ ನನಗ ಹೆಂಗ—"

"ಲಕೋಟೆ ತರಸ್ರಿ ಮಾಲಕರ. ನಿನ್ನೆ ನನ್ನ ಕೈಗೆ ಕೊಡ್ಲಿಲ್ಲ."

ಸಿದರಾಯ ಅವಧೂತರಿಂದ ಕೀಲಿ ಇಸಿದುಕೊಂಡು ಹೋಗಿ ತಂದ. ಅಂಟು ಬಿಗಿಯಾಗಿಯೇ ಇತ್ತು. ಆದರೆ ಪ್ರಮಿಳಾ ಎರಡು ಸಲ ಬೀಗ ಎಳೆದು ನೋಡಿ ಮನೆ ಬಿಡುವ ಹೆಂಗಸು. ಲಕೋಟೆ ಅಂಟಿಸಿದ ದಿನವೇ ಅಂಚಿಗೆ ಅಡ್ಡವಾಗಿ ಬಾಲ್ ಪೆನ್ನಿನಿಂದ ಕೂದಲೆಳೆಯಂಥ ಗೆರೆ ಎಳೆದಿಟ್ಟಿದ್ದಳು. ಈಗ ಮೇಲಿನ ಅರ್ಧ ಗೆರೆಯೂ ಕೆಳಗಿನ ಅರ್ಧವೂ ಕೂಡುತ್ತಿರಲಿಲ್ಲ. ನಡುವೆ ಒಂದು ಅಕ್ಕಿಕಾಳಿನಷ್ಟು ಅಂತರ.

"ತೆಗೆದು ಮತ್ತ ಅಂಟಿಸ್ಯಾರ್ರಿ. ಕಪಾಟಿನ ಕೀಲಿ ಒಬ್ಬರ ಹತ್ರ ಅಷ್ಟ ಐತಿ."

ಆಗಲೇ ಮಾಲಕರ ಫೋನು ಹೊಡೆದುಕೊಂಡಿತು. ಆ ಕಡೆಯ ದನಿ ಇಡೀ ಕೋಣೆಗೆ ಕೇಳಿಸಿತು: "ಲೋಂಡಾದಿಂದ ಕೃಷ್ಣಾಬಾಯಿ! ನಲವತ್ತ ಪೆಟಿಗಿನೂ ಅದಾವ. ಏಜೆನ್ಸಿ ಕಾಗದ ಬರೂ ತನಕ ತೆಗೀಬ್ಯಾಡ ಅಂತ ನಿಮ್ಮ ಅವಧೂತ ಹೇಳ್ಯಾನಂತ. ಅಂಗಡಿಯವನ ಬಾಯಲೇ ಕೇಳ್ತೀರೇನು? ಫೋನ್ ಕೊಡಲಿ?"

ಅವಧೂತ ಕುರ್ಚಿ ಹುಡುಕಿ ಕುಳಿತರು. ಹಣೆ ಮುಟ್ಟಿಕೊಂಡರು, ಪಟ್ಟಿ ತೋರಿಸಲು ಅಲ್ಲ.

ಗುರುಪುತ್ರಪ್ಪ ಫೋನು ಇಟ್ಟು ಹೇಳಿದರು, "ನಾಳಿಂದ ನೀ ಬರಬ್ಯಾಡ ಅವಧೂತ." ಆಮೇಲೆ ಪ್ರಮಿಳಾಳಿಗೆ, ಮೆತ್ತಗೆ: "ಆದ್ರ ಈ ಮಾತು ಹೊರಗ ಹೋಗೂದು ಬ್ಯಾಡ ತಂಗಿ. ಕಂಪನಿ ಹೆಸರು."

"ನನ್ನ ಹೆಸರು ಹೊರಗ ಹೋಗಿ ಎರಡು ದಿನಾ ಆತ್ರಿ ಮಾಲಕರ," ಎಂದಳು ಪ್ರಮಿಳಾ. "ಗೇಟಿನ ವಾಚ್‌ಮನ್ ಸೈತ ನನ್ನ ಚೀಲ ತಪಾಸ್ ಮಾಡ್ದ. ನನ್ನ ತಪ್ಪಿಲ್ಲ ಅಂತ ನೋಟಿಸ್ ಬೋರ್ಡಿನ್ಯಾಗ ಬರೀಬೇಕು. ನಿಮ್ಮ ಸಹಿ ಇರಬೇಕು. ಇಲ್ಲಂದ್ರ ಪೊಲೀಸರಿಗೆ ನಾನ ಫೋನ್ ಮಾಡತೀನಿ. ಐದಕ್ಕ ಇನ್ನೂ ಆರು ಮಿನಿಟ್ ಐತಿ."

ಗುರುಪುತ್ರಪ್ಪ ಗಡಿಯಾರ ನೋಡಿದರು. ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು.

ಆ ಹಾಳೆ ಬೋರ್ಡಿಗೆ ಹತ್ತಿದ ಮೇಲೆಯೇ ಪ್ರಮಿಳಾ ತನ್ನ ಮೇಜಿಗೆ ಬಂದಳು. ಹೊಸ ಪಾಸ್‌ವರ್ಡ್ ಹಾಕಿದಳು. ರಬ್ಬರ್ ರೋಲಿನ ಪುಟ ತೆರೆದು ಮೂವತ್ತನ್ನು ನೋಡಿದಳು, ಓದಿದಳು, ಆಮೇಲೆ ಅಳಿಸಿದಳು. ಇಪ್ಪತ್ತು ಬರೆದಳು. ಲೋಂಡಾದಲ್ಲಿದ್ದ ನಲವತ್ತು ಜೋಡಿಯನ್ನು ವಾಪಸ್ ಲೆಕ್ಕಕ್ಕೆ ತಂದಳು. ಕೃಷ್ಣಾಬಾಯಿಯ ಆರ್ಡರ್ ಈ ಸಲ ತಿರುಗಿ ಬರಲಿಲ್ಲ. ಕೆಳಗೆ ಗೋದಾಮಿನಲ್ಲಿ ಪ್ರಿಂಟರ್ ಕಿರ್ರೆಂದಿತು.

ದಿನಚರಿಯಲ್ಲಿ ಹೊಸದೊಂದು ಸಾಲು ಮೂಡಿತ್ತು. ಮೂವತ್ತರಿಂದ ಇಪ್ಪತ್ತಕ್ಕೆ. ತಿದ್ದಿದವರು, ಪ್ರಮಿಳಾ.

ಈ ಸಲ ತಿದ್ದಿದವಳು ಅವಳೇ.